ಸಂಕ್ರಾಂತಿಗೆ ಕಾಯದ ಬಿಸಿಲು

ಬೆಂಗಳೂರಿನ ಗವಿಪುರದಲ್ಲಿ ಗಂಗಾಧರೇಶ್ವರನಿಗಿಂತ ಮೊದಲು ಅಂಗಳದ ಕಲ್ಲುಗಳೇ ಎದುರಾಗುತ್ತವೆ: ತ್ರಿಶೂಲ, ಡಮರುಗ, ಕಂಬದ ನೆತ್ತಿಯಲ್ಲಿ ಕೂತ ದುಂಡನೆಯ ಎರಡು ಭಾರಿ ಫಲಕಗಳು. ಫಲಕಗಳಿಗೆ ಸೂರ್ಯಪಾನ, ಚಂದ್ರಪಾನ ಎಂದು ಹೆಸರು. ತಲೆಯೆತ್ತಿ ನೋಡಿ ಮುಗಿಸಿ. ಒಳಗೆ ಹೋದಮೇಲೆ ತಲೆ ಎತ್ತುವ ಹಾಗಿಲ್ಲ, ಬಂಡೆ ತಗುಲುತ್ತದೆ.

ಗವಿಯಲ್ಲಿ ಎಣ್ಣೆದೀಪದ ಜಿಡ್ಡು, ಹೊರಗಿಗಿಂತ ಹೆಚ್ಚು ಸೆಕೆ. ಗರ್ಭಗುಡಿಯನ್ನು ಬಳಸಿ ಬರುವ ಸಂದಿನಲ್ಲಿ ನಡು ಬಗ್ಗಿಸಿಯೇ ಸಾಗಬೇಕು. ಎರಡು ತಲೆ, ಮೂರು ಕಾಲಿನ ಅಗ್ನಿಯ ವಿಗ್ರಹವೂ ಇಲ್ಲಿದೆ. ಅವಸರದಲ್ಲಿದ್ದವರು ನೋಡದೆ ದಾಟಿಬಿಡುತ್ತಾರೆ. ಪ್ರದಕ್ಷಿಣೆ ಮುಗಿಸಿ ನಂದಿಯ ಬಳಿ ನಿಂತು ಪಶ್ಚಿಮದ ಕಡೆ ತಿರುಗಿ. ಮಕರ ಸಂಕ್ರಾಂತಿಯ ಸಂಜೆ ಆ ಕಡೆಯ ಕಿಟಕಿಯಿಂದ ಬರುವ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಅದಕ್ಕಾಗಿ ಸೇರುವ ಜನಜಂಗುಳಿ ಊರಿಗೆಲ್ಲ ಗೊತ್ತು. 2021ರಲ್ಲಿ ಮೋಡ ಕವಿದು ಬಿಸಿಲು ಬರದಿದ್ದಾಗ ಕೆಡುಕಿನ ಸೂಚನೆಯೇ ಎಂದು ಎಷ್ಟೋ ಮಂದಿ ಕಳವಳಪಟ್ಟರು.

ಕಳವಳ ಬೇಕಿರಲಿಲ್ಲ. ಖಗೋಳ ವಿಜ್ಞಾನಿ ಬಿ. ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಬೆಳಕು ಜನವರಿ 13ರಿಂದ 16ರವರೆಗೂ ಬೀಳುತ್ತದೆ. ಅಷ್ಟೇ ಅಲ್ಲ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಇನ್ನೊಮ್ಮೆ ಬೀಳುತ್ತದೆ! ಲೆಕ್ಕ ಸರಳ. ಮುಳುಗುವ ಸೂರ್ಯ ಡಿಸೆಂಬರ್ 21-22ರವರೆಗೆ ದಕ್ಷಿಣಕ್ಕೆ ಸರಿಯುತ್ತ ಹೋಗಿ, ಅಲ್ಲಿಂದ ಹಿಂದಿರುಗುತ್ತಾನೆ. ಹೋಗುವಾಗ ಕಿಟಕಿಗೆ ನೇರವಾದವನು ಬರುವಾಗಲೂ ನೇರವಾಗಲೇಬೇಕು. ಅಯನದ ದಿನಕ್ಕೆ ಸುಮಾರು 24 ದಿನ ಹಿಂದೆ ಒಂದು, 24 ದಿನ ಮುಂದೆ ಇನ್ನೊಂದು.

ಹಾಗಾದರೆ ಕಟ್ಟಿದವರು ಸಂಕ್ರಾಂತಿಯನ್ನೇ ಗುರಿಯಿಟ್ಟಿದ್ದರೇ? ನನಗೆ ಅನುಮಾನ. ನಮ್ಮ ಪಂಚಾಂಗದ ಸಂಕ್ರಾಂತಿ ನಕ್ಷತ್ರಗಳನ್ನು ಹಿಡಿದು ನಡೆಯುವುದರಿಂದ ಅಂದಾಜು 70 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಜಾರುತ್ತಿದೆ. ಸುಮಾರು 1,700 ವರ್ಷಗಳ ಹಿಂದೆ ಅದೂ ಉತ್ತರಾಯಣದ ಆರಂಭವೂ ಒಂದೇ ದಿನ ಬರುತ್ತಿದ್ದವು. ಗೋಡೆಯ ಕಿಟಕಿ ಮಾತ್ರ ಜಾರುವುದಿಲ್ಲ. ಇನ್ನು ಕೆಲವು ಶತಮಾನ ಕಳೆದರೆ ಹಬ್ಬ ಒಂದು ದಿನ, ಬೆಳಕು ಇನ್ನೊಂದು ದಿನ.

ಆ ಗೋಡೆಗಳೂ ಎಲ್ಲವೂ ಮೊದಲಿನಿಂದ ಇದ್ದವಲ್ಲ. ಕೆಂಪೇಗೌಡರ ಕಾಲದ ಜೀರ್ಣೋದ್ಧಾರದ ಮಾತು ಎಲ್ಲರೂ ಹೇಳುತ್ತಾರೆ. ಆಮೇಲೂ ಕಟ್ಟಡ ಬೆಳೆದಿದೆ. 1792ರಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ಕಲಾವಿದರು ಥಾಮಸ್ ಮತ್ತು ವಿಲಿಯಂ ಡೇನಿಯಲ್ ಬರೆದ ಚಿತ್ರಗಳಲ್ಲಿ ಇಂದಿನಷ್ಟು ಕಟ್ಟಡಗಳಿಲ್ಲ. ಅವನ್ನು ಈಗಿನ ಗುಡಿಯ ಜೊತೆ ಹೋಲಿಸಿದ ಸಂಶೋಧಕರು, ಹಿಂದೆ ಎರಡೂ ಅಯನಗಳ ಹೊತ್ತಿಗೆ ಸಂಜೆಯ ಬಿಸಿಲು ಲಿಂಗದವರೆಗೆ ತಲುಪುತ್ತಿತ್ತು ಎಂಬ ತೀರ್ಮಾನಕ್ಕೆ ಬಂದರು. ಆಕಾಶವನ್ನು ಓದಿದವರ ಲೆಕ್ಕಕ್ಕೆ ನಂತರದವರ ಭಕ್ತಿಯೇ ಅಡ್ಡ ಗೋಡೆ ಕಟ್ಟಿತು ಎಂದರೆ ತುಸು ಕಟುವಾದೀತು, ಆದರೆ ಸುಳ್ಳಲ್ಲ.

ಹೋಗುವುದಾದರೆ ನವೆಂಬರ್ ಕೊನೆಗೆ ಹೋಗಿ. ಸಂಕ್ರಾಂತಿಯ ಹೊತ್ತಿಗಿಂತ ಸುಮಾರು 20 ನಿಮಿಷ ಮೊದಲೇ, ಐದು ಗಂಟೆಯ ಒಳಗೆ ನಂದಿಯ ಪಕ್ಕ ನಿಂತಿರಬೇಕು. ಆ ದಿನಗಳಲ್ಲಿ ಸೂರ್ಯ ಬೇಗ ಇಳಿಯುತ್ತಾನೆ.