ಕ್ಯಾನ್ಯನ್ ಡಿ ಶೇ: ಗೈಡ್ ಏಕೆ ಬೇಕು?

ಸೌತ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಅರಿಜೋನಾ ಮರುಭೂಮಿಗೆ ಗುಂಪಾಗಿ ಹೊರಡುವ ನಮ್ಮಲ್ಲಿ ಹಲವರ ಪ್ರಶ್ನೆ: ಕ್ಯಾನ್ಯನ್ ಡಿ ಶೇ ಕಣಿವೆಯೊಳಗೆ ಗಾಡಿಯಲ್ಲಿ ಹೋಗಲು ನವಾಹೊ ಗೈಡ್ ಏಕೆ ಕಡ್ಡಾಯ?

1931ರಲ್ಲಿ ರಾಷ್ಟ್ರೀಯ ಸ್ಮಾರಕವಾದರೂ ನೆಲ ನವಾಹೊ ಜನರದೇ. ಬಂಡೆಯ ಪೊಟರೆಗಳಲ್ಲಿ ಪುರಾತನ ಪ್ಯೂಬ್ಲೊ ಜನ ಕಟ್ಟಿದ ಮನೆಗಳು ಪಾಳುಬಿದ್ದಿವೆ, ನಿಜ. ಕೆಳಗೆ ಮಾತ್ರ ನವಾಹೊ ಕುಟುಂಬಗಳು ಇಂದಿಗೂ ಮುಸುಕಿನ ಜೋಳ ಬೆಳೆಯುತ್ತವೆ, ಕುರಿ ಮೇಯಿಸುತ್ತವೆ. 1864ರಲ್ಲಿ ಅಮೆರಿಕದ ಸೈನ್ಯ ಇವರನ್ನು ನೂರಾರು ಮೈಲಿ ನ್ಯೂ ಮೆಕ್ಸಿಕೋಗೆ ನಡೆಸಿತು, ಇವರ ಪೀಚ್ ತೋಟಗಳನ್ನೂ ಕಡಿಯಿತು. ಮರಳಿದ್ದು 1868ರ ಒಪ್ಪಂದದ ನಂತರ. ಹಾಗಾಗಿ ಹಂಪಿಯಲ್ಲಿ ಅಲೆದಂತೆ ಇಲ್ಲಿ ಅಲೆಯುವಂತಿಲ್ಲ. ಜನರ, ಅವರ ಮನೆಗಳ ಫೋಟೋಗೂ ಅಪ್ಪಣೆ ಬೇಕು.

ಅಂದ ಹಾಗೆ, ಬೇಸಿಗೆಯಲ್ಲಿ ಅರಿಜೋನಾದ ಗಡಿಯಾರ ನಮ್ಮದೇ, ಆದರೆ ನವಾಹೊ ಸೀಮೆಯದು ಒಂದು ಗಂಟೆ ಮುಂದೆ. ಗೈಡ್ ಹೇಳಿದ ಸಮಯ ಯಾವುದೆಂದು ಮೊದಲೇ ಕೇಳಿಕೊಳ್ಳಿ.