ಸೋಲೂದಿದ್ರ ಬಸ್ ಸಿಗೂ ಕಡೆ ಸೋಲ್ರಿ!

ಚೊಳಚಗುಡ್ಡ: ಬನದ ಹುಣ್ಣಿಮೆ ಜಾತ್ರೆ ಮುಗಿಯಿತು. ನಾಟಕ ಕಂಪನಿಗಳು ತಗಡು ಬಿಚ್ಚಿಕೊಂಡು ಗಂಟುಮೂಟೆ ಕಟ್ಟಿದವು. ಆದರೆ ನಮ್ಮೂರಲ್ಲಿ ಈ ಸಲ ಇನ್ನೊಂದು ತಾಲೀಮು ಉಳಿದಿತ್ತು. ಇದಕ್ಕೆ ಪರದೆ ಬೇಡ, ಹಾರ್ಮೋನಿಯಂ ಬೇಡ. ಎರಡು ಕಾಲು ಮತ್ತು ಒಂದು ಚೀಲ ಇದ್ದರೆ ಸಾಕು. ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ ಕಡೆ ನಡೆದು ಹೋಗುವವರ ತಾಲೀಮು ಅದು.

"ನಡಿಯೂದಕ್ಕೂ ತಾಲೀಮೇನ್ರೀ?" ಎಂದು ಬನಶಂಕರಿ ಬಸ್ ಸ್ಟಾಪಿನಲ್ಲಿ ಒಬ್ಬರು ನಕ್ಕರು.

ಹೋದ ವರ್ಷ ನಾನೂ ಹೀಗೇ ನಕ್ಕಿದ್ದೆ. ಹೊರಡುವ ಹಿಂದಿನ ದಿನ ಹೊಸ ಕ್ಯಾನ್ವಾಸ್ ಬೂಟು ಕೊಂಡಿದ್ದೆ. ಐಹೊಳೆ ದಾಟುವಷ್ಟರಲ್ಲಿ ಹಿಮ್ಮಡಿ ಉರಿಯತೊಡಗಿತು. ಮೂರನೇ ದಿನ ಇಳಕಲ್ಲಿನಲ್ಲಿ ಬೂಟು ಕಳಚಿದರೆ ಎರಡೂ ಕಾಲಲ್ಲಿ ಬೊಕ್ಕೆ ಒಡೆದು ಚರ್ಮವೇ ಸುಲಿದಿತ್ತು. ಗುಂಪು ಲಿಂಗಸುಗೂರಿನ ಹಾದಿ ಹಿಡಿಯಿತು, ನಾನು ಬಾದಾಮಿ ಬಸ್ ಹತ್ತಿದೆ. ಊರಿಗೆ ಬಂದು ಇಳಿದಾಗ "ಏನ್ರೀ, ಇಷ್ಟ ಲಗೂ ಶ್ರೀಶೈಲ ಮುಟ್ಟಿ ಬಂದ್ರಿ?" ಎಂದು ಕೇಳಿದವರಿಗೆ ಲೆಕ್ಕವಿಲ್ಲ.

ದಾರಿ ಸಣ್ಣದಲ್ಲ. ಹಕ್ಕಿಯಂತೆ ನೆಟ್ಟಗೆ ಹಾರಿದರೂ ಬಾದಾಮಿಯಿಂದ ಶ್ರೀಶೈಲಕ್ಕೆ 340 ಕಿ.ಮೀ. ಇದೆ. ಕಾಲುನಡಿಗೆಯಲ್ಲಿ ಇನ್ನೂ ಹೆಚ್ಚು. ರಾಯಚೂರು ಕಡೆಯಿಂದ ಗಡಿ ದಾಟಿ, ಆತ್ಮಕೂರು ಹಿಡಿದು, ಅಲ್ಲಿಂದ ನಲ್ಲಮಲ ಅಡವಿ ಹೊಗಬೇಕು. ಅದು ಹುಲಿ ಇರುವ ಕಾಡು. ಹಬ್ಬದ ದಿನಗಳಲ್ಲಿ ಮಾತ್ರ ಯಾತ್ರಿಕರಿಗೆ ದಾರಿ ಬಿಡುತ್ತಾರೆ. ಕೊನೆಗೆ ಭೀಮನಕೊಳ್ಳದ ಇಳಿತ, ಏರು, ಕೈಲಾಸದ್ವಾರ. ದಿನಕ್ಕೆ 30 ಕಿ.ಮೀ. ನಡೆದರೂ ಹನ್ನೆರಡು ದಿನಕ್ಕೆ ಕಡಿಮೆಯಿಲ್ಲ. ಅದೂ ಯುಗಾದಿ ಮುಂದಿನ ಬಿಸಿಲಲ್ಲಿ!

ಈ ಸಲ ನಮ್ಮ ಗುಂಪಿನಲ್ಲಿ ಏಳು ಮಂದಿ. ಮುಂದಾಳು ಕಿರಾಣಿ ಅಂಗಡಿ ಸಾಹುಕಾರರು. ತಾಲೀಮಿನ ಯೋಚನೆ ಅವರದೇ. "ಸೋಲೂದಿದ್ರ ಬಸ್ ಸಿಗೂ ಕಡೆ ಸೋಲ್ರಿ. ನಲ್ಲಮಲ ಅಡವ್ಯಾಗ ಸೋತ್ರ ಯಾರ ಹೊರಬೇಕು?" ಎಂದರು. ಯಾರೂ ಎದುರು ಮಾತಾಡಲಿಲ್ಲ. ನಾನಂತೂ ತಲೆ ಎತ್ತಲಿಲ್ಲ.

ಕಾಟಾ ಹೇಳಿದ ಸತ್ಯ

ರಾತ್ರಿ ಅಂಗಡಿ ಕದ ಅರ್ಧ ಎಳೆದ ಮೇಲೆ ಎಲ್ಲರೂ ಚೀಲ ತಂದು ಕಾಟಾದ ಮೇಲೆ ಇಡಬೇಕೆಂದು ಸಾಹುಕಾರರ ಹುಕುಂ. ನನ್ನದು 9 ಕಿಲೋ 400 ಗ್ರಾಂ ಬಂತು. ಟೇಲರ್ ಮಿತ್ರರದ್ದು 11 ಕಿಲೋ ದಾಟಿತು.

"ಅಲ್ಲೋ ತಮ್ಮಾ, ಅಲ್ಲೇ ಸಂಸಾರ ಹೂಡಾಕ ಹೊಂಟೀಯೇನ?"

ಟೇಲರ್ ಚೀಲದಿಂದ ಎರಡು ಕಿಲೋ ಜೋಳದ ಹಿಟ್ಟು, ಹಿತ್ತಾಳೆ ತಂಬಿಗೆ, ಇಸ್ತ್ರಿ ಮಾಡಿದ ನಾಲ್ಕು ಅಂಗಿ ಹೊರಬಂದವು. ದಾರಿಯುದ್ದಕ್ಕೂ ದಾಸೋಹ ನಡೆದಿರುವಾಗ ಹಿಟ್ಟು ಯಾಕೆ? ಸಾಹುಕಾರರು ಅಂಗಡಿ ಲೆಕ್ಕದಲ್ಲೇ ಹೇಳಿದರು. 30 ಕಿ.ಮೀ. ಅಂದರೆ ಸುಮಾರು 40,000 ಹೆಜ್ಜೆ. ಚೀಲದಲ್ಲಿ ಒಂದು ಕಿಲೋ ಹೆಚ್ಚಿದ್ದರೆ 40,000 ಸಲ ಆ ಕಿಲೋ ಮೊಣಕಾಲಿನ ಮೇಲೆ ಬೀಳುತ್ತದೆ. ಹನ್ನೆರಡು ದಿನಕ್ಕೆ ಎಷ್ಟಾಯಿತು, ನೀವೇ ಗುಣಿಸಿ ನೋಡಿ.

ಕಡೆಗೆ ಚೀಲದಲ್ಲಿ ಉಳಿದದ್ದು ಇಷ್ಟು: ಎರಡು ಜೊತೆ ಬಟ್ಟೆ, ತೆಳು ಚಾದರ, ಟವೆಲು, ಬ್ಯಾಟರಿ, ಒಂದೊಂದು ಲೀಟರಿನ ಎರಡು ನೀರಿನ ಬಾಟಲಿ, ಒಂದು ದಿನಕ್ಕಾಗುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಪ್ಪು-ಸಕ್ಕರೆಯ ಪುಡಿಕೆ, ಹತ್ತಿ, ಅಂಟುಪಟ್ಟಿ. ನೀರೂ ಸೇರಿ ಆರು ಕಿಲೋದ ಆಸುಪಾಸು.

ಎಲ್ಲರಿಗಿಂತ ಹಗುರ ಕಾಕಾ ಅವರ ಗಂಟು. ಕಾಕಾಗೆ ಈಗ 64. ಎಲೆಬಳ್ಳಿ ತೋಟದವರು. ಇಪ್ಪತ್ತಕ್ಕೂ ಹೆಚ್ಚು ಸಲ ಬರಿಗಾಲಲ್ಲೇ ನಡೆದವರು. ನಮ್ಮ ಗುಂಪಿನ ಕಂಬಿ ಅವರ ಹೆಗಲ ಮೇಲೆಯೇ ಹೋಗುವುದು. ಅವರ ಗಂಟಿನಲ್ಲಿ ಒಂದು ಇಳಕಲ್ ಸೀರೆ ಇತ್ತು. ಶ್ರೀಶೈಲದ ಭ್ರಮರಾಂಬೆ ನಮ್ಮ ಕಡೆಯ ಭಕ್ತರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಮಗಳ ಮನೆಗೆ ಬರಿಗೈಲಿ ಹೋಗುವುದುಂಟೇ? ಆ ಸೀರೆಯ ತೂಕ ಮಾತ್ರ ಯಾರೂ ಕೇಳಲಿಲ್ಲ.

ಗುಡ್ಡದ ಪಾಠ

ಎರಡು ದಿನದ ಯೋಜನೆ. ಮೊದಲನೇ ದಿನ ಚೊಳಚಗುಡ್ಡದಿಂದ ಬನಶಂಕರಿ, ಬಾದಾಮಿ. ಅಲ್ಲಿಂದ ಗುಡ್ಡ ಹತ್ತಿ ಹಳೇ ಕಾಲುದಾರಿಯಲ್ಲಿ ಮಹಾಕೂಟ. ಮುಂದೆ ಪಟ್ಟದಕಲ್ಲಿನಲ್ಲಿ ವಸ್ತಿ. ಎರಡನೇ ದಿನ ಡಾಂಬರು ರಸ್ತೆ ಹಿಡಿದು ವಾಪಸ್ಸು. ಕಲ್ಲುದಾರಿ, ಏರು-ಇಳಿತ, ಡಾಂಬರಿನ ಕಾವು, ಮನೆಯಲ್ಲದ ಕಡೆ ಒಂದು ರಾತ್ರಿ. ನಾಲ್ಕೂ ಪರೀಕ್ಷೆ ಎರಡೇ ದಿನದಲ್ಲಿ! ಎಲ್ಲಕ್ಕಿಂತ ಮುಖ್ಯ, ಪಟ್ಟದಕಲ್ಲು-ಬಾದಾಮಿ ನಡುವಿನ 22 ಕಿ.ಮೀ. ರಸ್ತೆಯಲ್ಲಿ ಬಸ್ ಓಡಾಡುತ್ತವೆ.

ಬೆಳಗಿನ ನಾಲ್ಕಕ್ಕೆ ಬನಶಂಕರಿಗೆ ಕೈಮುಗಿದು ಹೊರಟೆವು. ಬಾದಾಮಿಯಲ್ಲಿ ಚಹಾ ಕುಡಿಯಲು ಚೀಲ ಇಳಿಸಿದ್ದೇ ತಡ, ಮಂಗವೊಂದು ಟೇಲರ್‌ರ ರೊಟ್ಟಿ ಗಂಟು ಹಾರಿಸಿಕೊಂಡು ಹೋಯಿತು. ಹಿಟ್ಟು ತೆಗೆಸಿದ ಸಾಹುಕಾರರನ್ನು ಟೇಲರ್ ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಗುಡ್ಡದ ಇಳಿತದಲ್ಲಿ ಮೊಣಕಾಲು ಮಾತಾಡಿದವು. ಹತ್ತುವಾಗ ಉಸಿರು ಕಟ್ಟುತ್ತದೆ, ಇಳಿಯುವಾಗ ಬೆರಳು ಬೂಟಿನ ತುದಿಗೆ ಬಡಿಯುತ್ತವೆ. ಉಗುರು ಕತ್ತರಿಸದೆ ಬಂದ ಒಬ್ಬ ಹುಡುಗ ಅರ್ಧಕ್ಕೇ ಕೂತುಬಿಟ್ಟ. ಭೀಮನಕೊಳ್ಳದಲ್ಲಿ ತಿಳಿಯಬೇಕಾದದ್ದು ಮನೆಯಿಂದ ಎರಡು ಹರದಾರಿಯೊಳಗೇ ತಿಳಿಯಿತು. ಮಹಾಕೂಟದ ಹೊಂಡದಲ್ಲಿ ಬುಗ್ಗೆಯ ತಣ್ಣೀರಿಗೆ ಕಾಲು ಬಿಟ್ಟು ಕೂತಾಗ ಅವನ ಮುಖಕ್ಕೆ ಕಳೆ ಬಂತು.

ಬಿಸಿಲು ಏರಿದ ಮೇಲೆ ನಡೆಯಬಾರದೆಂದು ಮೊದಲೇ ಠರಾವು ಮಾಡಿದ್ದೆವು. ಮಧ್ಯಾಹ್ನ ಗಿಡದ ನೆರಳಲ್ಲಿ ಮಲಗಿ, ಇಳಿಹೊತ್ತಿಗೆ ನಂದಿಕೇಶ್ವರದ ಮೇಲಿಂದ ಪಟ್ಟದಕಲ್ಲು ಸೇರಿದೆವು. ಅಲ್ಲಿಯೂ ಒಂದು ಮಲ್ಲಿಕಾರ್ಜುನ ಗುಡಿಯಿದೆ. ಎಂಟನೇ ಶತಮಾನದಲ್ಲಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯನ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು. "ತಾಲೀಮಿಗೂ ಅವನೇ ಬಂದು ನಿಂತಾನ್ ನೋಡು" ಎಂದು ಕಾಕಾ ದೂರದಿಂದಲೇ ಕೈಮುಗಿದರು.

ಬ್ಯಾಟರಿ ಬೆಳಕಿನಲ್ಲಿ

ಊರಿನ ಗುಡಿಯೊಂದರ ಕಟ್ಟೆ ಮೇಲೆ ವಸ್ತಿ. ಉಂಡಾದ ಮೇಲೆ ಸಾಹುಕಾರರು ಬ್ಯಾಟರಿ ಹಿಡಿದು ಒಬ್ಬೊಬ್ಬರ ಅಂಗಾಲು ನೋಡುತ್ತ ಬಂದರು. ಹಳೇ ಚಪ್ಪಲಿ ಹಾಕಿಕೊಂಡ ನನಗೆ ಈ ಸಲ ಒಂದೇ ಬೊಕ್ಕೆ. ಟೇಲರ್‌ಗೆ ಮೂರು. ಉಗುರಿನ ಹುಡುಗನ ಹೆಬ್ಬೆರಳು ಕಪ್ಪಾಗಿತ್ತು. ಒಬ್ಬೊಬ್ಬರೂ ಅಯ್ಯೋ, ಅಪ್ಪಾ ಅನ್ನುವವರೇ.

ಕಾಕಾ ಮಾತ್ರ ಸುಮ್ಮನೆ ಕೂತಿದ್ದರು. "ನಂದೇನ ನೋಡ್ತಿ, ಇಪ್ಪತ್ತು ಸಲ ನಡೆದ ಕಾಲಿವು."

ಬೆಳಕು ಬಿದ್ದಾಗ ಸಾಹುಕಾರರ ಕೈ ನಿಂತಿತು. ಬಲ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಒಳಗೇ ಉಳಿದಿತ್ತು. ಸುತ್ತ ರಕ್ತ ಒಣಗಿ ಮಣ್ಣು ಮೆತ್ತಿತ್ತು. ಎಷ್ಟೊತ್ತಿಗೆ ಚುಚ್ಚಿತೋ!

"ಕಾಕಾ, ನೂಸಲಿಲ್ಲೇನ್ರಿ?"

"ಇಲ್ಲಪಾ... ಗೊತ್ತ ಆಗಲಿಲ್ಲ."

ಕಾಕಾಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಅದು ಹಳೆಯದಾದಂತೆ ಕಾಲಿನ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ಮುಳ್ಳು ಚುಚ್ಚಿದರೂ, ಕಾದ ಡಾಂಬರು ಸುಟ್ಟರೂ ತಿಳಿಯುವುದಿಲ್ಲ. ಗಾಯ ಬೇಗ ಮಾಯುವುದೂ ಇಲ್ಲ. ಕೀವು ಏರಿದರೆ ಬೆರಳೋ ಪಾದವೋ ತೆಗೆಯುವ ಪ್ರಸಂಗ ಬರಬಹುದು. ನಮಗೆಲ್ಲ ನೋವಿತ್ತು, ಆದ್ದರಿಂದ ಚಿಂತೆಯಿರಲಿಲ್ಲ. ಕಾಕಾಗೆ ನೋವೇ ಇರಲಿಲ್ಲ. ಆ ರಾತ್ರಿ ಕಟ್ಟೆ ಮೇಲೆ ನಿದ್ದೆ ಬಂದದ್ದು ಹುಡುಗರಿಗೆ ಮಾತ್ರ.

ಬೆಳಿಗ್ಗೆ ಮೊದಲ ಬಸ್ಸಿಗೆ ಕಾಕಾ ಅವರನ್ನು ಬಾದಾಮಿಗೆ ಕರೆದೊಯ್ದೆವು. ಡಾಕ್ಟರು ಮುಳ್ಳು ತೆಗೆದು, ಪಟ್ಟಿ ಕಟ್ಟಿ, ಎರಡು ಮಾತು ಹೇಳಿದರು. ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬಾರದು. ಈ ಗಾಯ ಹೊತ್ತು ದೂರದ ನಡಿಗೆ ಆಗದು. ಕಾಕಾ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ನನ್ನನ್ನು ಕೇಳಿದರು: "ತಮ್ಮಾ, ನೀ ಪೇಪರ್‌ನಾಗ ಬರಿಯಾಂವ. ಹೇಳು, ಮಲ್ಲಯ್ಯ ಮುನಿಸ್ಕೊಂತಾನೇನು?"

ನನ್ನಲ್ಲಿ ಉತ್ತರವಿರಲಿಲ್ಲ.

ಹೋಗುವವರಿಗೆ ನಾಲ್ಕು ಮಾತು

ಯುಗಾದಿಗೆ ಹೊರಡುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಕೇಳಿ. ತಾಲೀಮು ಹೊರಡುವ ಮೂರು ವಾರ ಮೊದಲೇ ಆಗಲಿ. ಎದ್ದ ಬೊಕ್ಕೆ ಮಾಯಲಿಕ್ಕೆ ಸಮಯ ಬೇಕು. ಹೊಸ ಚಪ್ಪಲಿ, ಹೊಸ ಬೂಟು ಬೇಡವೇ ಬೇಡ. ಯಾವ ಚೀಲ ಹೊತ್ತು ಶ್ರೀಶೈಲಕ್ಕೆ ಹೋಗುತ್ತೀರೋ ಅದೇ ಚೀಲ, ಅದೇ ಭಾರ ಹೊತ್ತು ನಡೆದು ನೋಡಿ. ರಾತ್ರಿ ನಡೆಯುವಾಗ ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿ ಹಿಡಿಯಿರಿ. ಚೀಲದ ಬೆನ್ನಿಗೆ ಮಿಂಚುವ ಪಟ್ಟಿ ಅಂಟಿಸಿ. ಬಸ್ಸು, ಲಾರಿ ನಡೆಸುವ ಅಣ್ಣಂದಿರಿಗೂ ಒಂದು ಅರಿಕೆ: ಆ ಹದಿನೈದು ದಿನ ಕತ್ತಲಲ್ಲಿ ಸ್ವಲ್ಪ ಸಾವಕಾಶ.

ಬೆವರಿಳಿದು ಸುಸ್ತಾದರೆ ಒಂದು ಲೀಟರು ಶುದ್ಧ ನೀರಿಗೆ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಚಹಾದ ಚಮಚೆ, ಅದೂ ತಲೆ ಸವರಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಇಂಥದೇ ಸಕ್ಕರೆ-ಉಪ್ಪಿನ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದರು. ಸಕ್ಕರೆ ಕಾಯಿಲೆಯವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಕುಡಿಯಬಾರದು, ಕೇಳದೆ ಹೊರಡಲೂಬಾರದು. ಹೊರಟರೆ ದಿನಾ ರಾತ್ರಿ ಬ್ಯಾಟರಿ ಹಿಡಿದು ಇನ್ನೊಬ್ಬರಿಂದ ಅಂಗಾಲು ನೋಡಿಸಿಕೊಳ್ಳಬೇಕು.

ಇನ್ನು ನಮ್ಮ ಕಾಕಾ. ಸಾಮಾನಿನ ಟೆಂಪೋದಲ್ಲಿ ಮುಂದೆ ಕೂತು ಬರಲಿ, ಕಂಬಿ ಸಾಹುಕಾರರ ಮಗ ಹೊರಲಿ, ಮಗಳಿಗೆ ಸೀರೆ ಮಾತ್ರ ಕಾಕಾನೇ ಕೊಡಲಿ ಎಂದು ಗುಂಪಿನ ತೀರ್ಮಾನ. ಕಾಕಾ ಇನ್ನೂ ಹೂಂ ಅಂದಿಲ್ಲ. ಆದರೆ ನಿನ್ನೆ ಸಂಜೆ ಬನಶಂಕರಿ ಬಸ್ ಸ್ಟಾಪಿನಲ್ಲಿ ಕಂಡರು. ಕಾಲಲ್ಲಿ ಚಪ್ಪಲಿ ಇತ್ತು.