ಶೂಲ್ಯದ ಅಂಗಡಿಯಲ್ಲಿ ಒಂದು ಸಂಜೆ

ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಪಾಣಿನಿಯ ಒಂದು ಪುಟ್ಟ ಸೂತ್ರವು ನೆನಪಿರಬಹುದು. ಶೂಲಕ್ಕೆ ಚುಚ್ಚಿ ಸುಟ್ಟ ತಿನಿಸಿಗೆ ‘ಶೂಲ್ಯ’ವೆಂದೂ, ‘ಉಖಾ’ ಎಂದರೆ ಮಡಕೆ, ಅದರಲ್ಲಿ ಬೇಯಿಸಿದ ತಿನಿಸಿಗೆ ‘ಉಖ್ಯ’ವೆಂದೂ ಹೆಸರು ಬರುವ ಬಗೆಯನ್ನು ಆ ಮಹರ್ಷಿಯು ಒಂದೇ ಸೂತ್ರದಲ್ಲಿ ಹೇಳಿ ಮುಗಿಸಿದ್ದಾನೆ. ಅಮರಸಿಂಹನು ತನ್ನ ಕೋಶದಲ್ಲಿ ಶೂಲಾಕೃತ, ಭಟಿತ್ರ, ಶೂಲ್ಯ ಎಂದು ಮೂರು ಪರ್ಯಾಯಪದಗಳನ್ನು ಕೊಡುತ್ತಾನೆ. ಶಾಕುಂತಲದ ಎರಡನೆಯ ಅಂಕದಲ್ಲಿ ಬೇಟೆಯ ಬೀಡಿನಲ್ಲಿ ಬಳಲಿದ ವಿದೂಷಕನು ಹೊತ್ತಲ್ಲದ ಹೊತ್ತಿನಲ್ಲಿ ಶೂಲ್ಯವನ್ನೇ ತಿನ್ನಬೇಕಾಗಿದೆಯೆಂದು ಗೊಣಗುತ್ತಾನೆ. ಇವೆಲ್ಲವನ್ನೂ ನಾನು ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಮಕ್ಕಳಿಗೆ ಪಾಠ ಹೇಳಿದೆನು. ಶಬ್ದವನ್ನು ಬಲ್ಲೆನು, ಪದಾರ್ಥವನ್ನು ಮಾತ್ರ ನೋಡಲು ಒಪ್ಪಿದವನಲ್ಲ. ಕಳೆದ ವರ್ಷದ ಶರದೃತುವಿನಲ್ಲಿ, ಅರುವತ್ತನೆಯ ವಯಸ್ಸಿನಲ್ಲಿ, ಟೋಕಿಯೋ ನಗರದ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ ಅದನ್ನು ನೋಡಿದೆನು. ಆ ಸಂಜೆಯ ವೃತ್ತಾಂತವನ್ನು ವಾಚಕರ ಮುಂದಿಡುವ ಮೊದಲು ನನ್ನ ಒಂದು ಹಳೆಯ ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಏಕೆಂದರೆ ಎರಡೂ ಒಂದೇ ಕತೆ.

1995ನೆಯ ಇಸವಿಯಲ್ಲಿ ನಮ್ಮ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಅಧ್ಯಾಪಕನಾಗಿದ್ದೆನು. ಒಂಬತ್ತನೆಯ ತರಗತಿಯಲ್ಲಿ ಕಂಪ್ಲಿಯ ಹುಡುಗನೊಬ್ಬನಿದ್ದನು. ಅವನ ತಂದೆ ಸಂಜೆಯ ಹೊತ್ತು ಬೀದಿಯ ಬದಿಯಲ್ಲಿ ಕೆಂಡದ ಒಲೆಯನ್ನಿಟ್ಟು ಕಬ್ಬಿಣದ ಸರಳುಗಳಲ್ಲಿ ಮಾಂಸವನ್ನು ಸುಟ್ಟು ಮಾರುತ್ತಿದ್ದನು. ಒಂದು ದಿನ ಮಧ್ಯಾಹ್ನ ಆ ಹುಡುಗನು ಬುತ್ತಿಯ ಡಬ್ಬಿಯನ್ನು ತೆರೆದನು. ಜೋಳದ ರೊಟ್ಟಿಯ ಮೇಲೆ ಹಿಂದಿನ ರಾತ್ರಿ ಮಿಕ್ಕಿದ ನಾಲ್ಕು ಸುಟ್ಟ ತುಂಡುಗಳಿದ್ದುವು. ವಾಸನೆಯು ಕೋಣೆಯನ್ನೆಲ್ಲ ತುಂಬಿತು. ನಾನು ಮೂಗಿಗೆ ಉತ್ತರೀಯವನ್ನು ಹಿಡಿದು, “ಇದನ್ನು ಇಲ್ಲಿ ತೆರೆಯಬೇಡ, ಹೊರಗೆ ಹೋಗಿ ತಿನ್ನು” ಎಂದೆನು. ಮಕ್ಕಳು ನಕ್ಕರು. ಅವನು ಡಬ್ಬಿಯನ್ನು ಮುಚ್ಚಿಕೊಂಡು ಹೊರಗೆ ನಡೆದನು.

ವಿಧಿಯ ವಿನೋದವನ್ನು ನೋಡಿ! ಅದೇ ದಿನ ಕೊನೆಯ ಪಾಠದಲ್ಲಿ ಅಮರಕೋಶದ ಆ ಮೂರು ಪದಗಳು ಬಂದುವು. ನಾನು ಬಹಳ ಉತ್ಸಾಹದಿಂದ ಶೂಲ್ಯವೆಂದರೇನೆಂದು ವಿವರಿಸುತ್ತಿರಲು, ಆ ಹುಡುಗನು ಕೈಯೆತ್ತಿ, “ಸಾರ್, ನಮ್ಮಪ್ಪ ಮಾಡೋದು ಇದನ್ನೇರಿ” ಎಂದನು. ನಾನು, “ಕೂತುಕೋ” ಎಂದು ಗದರಿಸಿದೆನು. ಮರುದಿನದಿಂದ ವರ್ಷ ಮುಗಿಯುವವರೆಗೂ ಅವನು ತನ್ನ ಬುತ್ತಿಯನ್ನು ಹೊರಗಡೆಯೇ ತಿನ್ನುತ್ತಿದ್ದನು. ನಾನು ದಿನವೂ ಕಂಡೆನು. ಒಂದು ದಿನವೂ ಒಳಗೆ ಬಾ ಎಂದು ಕರೆಯಲಿಲ್ಲ.

ಆ ಹುಡುಗನು ಮುಂದೆ ಲೋಹಶಾಸ್ತ್ರವನ್ನೋದಿ ಎಂಜಿನಿಯರನಾದನು. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ಹಿಂದೆ ಮದ್ರಾಸಿನ ಬಂದರಿನಿಂದ ಜಪಾನಿಗೆ ಹಡಗುಗಳಲ್ಲಿ ಹೋಗುತ್ತಿದ್ದುದನ್ನು ನಮ್ಮ ಕಡೆಯ ಹಿರಿಯರೆಲ್ಲರೂ ಬಲ್ಲರು. 2010ರಲ್ಲಿ ಜಪಾನಿನ ದೊಡ್ಡ ಉಕ್ಕಿನ ಸಂಸ್ಥೆಯೊಂದು ತೋರಣಗಲ್ಲಿನ ಕಾರ್ಖಾನೆಯವರ ಕಂಪನಿಯಲ್ಲಿ ಪಾಲನ್ನು ತೆಗೆದುಕೊಂಡಿತು. ಅದಿರು ಹೋದ ದಾರಿಯಲ್ಲಿಯೇ ಮನುಷ್ಯರೂ ಹೋಗಿಬರತೊಡಗಿದರು. ನನ್ನ ಶಿಷ್ಯನೂ ಹಾಗೆಯೇ ಉಕ್ಕಿನ ಉದ್ಯೋಗವನ್ನು ಹಿಡಿದು ಆ ದೇಶದಲ್ಲಿ ನೆಲಸಿದನು. ಕಳೆದ ವರ್ಷ ನಾನು ಮಗಳ ಮನೆಗೆಂದು ಟೋಕಿಯೋಗೆ ಹೋದಾಗ, ನಮ್ಮ ದೇಶದವರು ಬಹುಮಂದಿ ವಾಸವಾಗಿರುವ ನಿಶಿಕಸಾಯಿ ಎಂಬ ಭಾಗಕ್ಕೆ ಅವನು ನನ್ನನ್ನು ಹುಡುಕಿಕೊಂಡು ಬಂದನು. ಕಾಲಿಗೆ ನಮಸ್ಕರಿಸಿ, “ಸಾರ್, ಒಂದು ಸಂಜೆ ನನ್ನ ಜೊತೆ ಊಟಕ್ಕೆ ಬರ್ರಿ. ನೀವು ಪಾಠದಾಗ ಹೇಳಿದ್ದನ್ನ ತೋರಿಸ್ತೀನಿ” ಎಂದನು. ನನ್ನ ಎದೆಯು ಒಮ್ಮೆ ಧಸಕ್ಕೆಂದಿತು. ಇಲ್ಲವೆನ್ನಲು ಬಾಯಿ ಬರಲಿಲ್ಲ.

ಯುರಾಕುಚೋ ಎಂಬ ರೈಲ್ವೆ ನಿಲ್ದಾಣವು 1910ರಲ್ಲಿ ತೆರೆದುದು. ಅಲ್ಲಿ ರೈಲುಗಳು ನೆಲದ ಮೇಲಲ್ಲ, ಇಟ್ಟಿಗೆಯ ಕಮಾನುಗಳ ಮೇಲೆ ಓಡುತ್ತವೆ. ಕಮಾನುಗಳ ಕೆಳಗಿನ ಪೊಟರೆಗಳಂತಹ ಜಾಗಗಳಲ್ಲಿ ಅಂಗಡಿಗಳ ಸಾಲು. ಒಂದು ಬಾಗಿಲಿನಲ್ಲಿ ಅರ್ಧದವರೆಗೆ ಬಟ್ಟೆಯ ಪರದೆ ತೂಗುತ್ತಿದ್ದಿತು. ಪರದೆಯಿದ್ದರೆ ಅಂಗಡಿ ತೆರೆದಿದೆಯೆಂದು ಅರ್ಥವಂತೆ. ಹೊರಗೆ ಐದಾರು ಮಂದಿ ಮಾತಿಲ್ಲದೆ ಸಾಲುಗಟ್ಟಿ ನಿಂತಿದ್ದರು. ನಾವೂ ಅರ್ಧ ತಾಸು ನಿಂತೆವು.

ಒಳಗೆ ನಮ್ಮ ಹೊಸಪೇಟೆಯ ಮಂಡಕ್ಕಿ ಮೆಣಸಿನಕಾಯಿಯ ಅಂಗಡಿಗಿಂತ ಹೆಚ್ಚು ಜಾಗವಿರಲಿಲ್ಲ. ಉದ್ದವಾದ ಒಂದು ಹಲಗೆ, ಅದರ ಮುಂದೆ ಒಂಬತ್ತು ಮೊಳಕಾಲೆತ್ತರದ ಪೀಠಗಳು, ಹಲಗೆಯ ಆಚೆಗೆ ಕೆಂಡದ ಒಲೆ. ಒಲೆಯೂ ತಿನ್ನುವವನೂ ಒಂದು ಮೊಳದ ಅಂತರದಲ್ಲಿ ಮುಖಾಮುಖಿಯಾಗಿರುವುದೇ ಈ ಅಂಗಡಿಗಳ ವಿಶೇಷ. ನಾವು ಕೂತೊಡನೆ ಕೈಯೊರಸಲು ಬಿಸಿನೀರಿನಲ್ಲಿ ಹಿಂಡಿದ ವಸ್ತ್ರವನ್ನು ಕೊಟ್ಟರು. ಮೇಲೆ ರೈಲು ಹೋದಾಗಲೆಲ್ಲ ಹಲಗೆಯ ಮೇಲಿನ ಬಟ್ಟಲುಗಳು ಸಣ್ಣಗೆ ನಡುಗುತ್ತಿದ್ದುವು.

ಈ ತಿನಿಸಿಗೆ ಅವರು ‘ಯಾಕಿತೋರಿ’ ಎನ್ನುವರು. ಸುಟ್ಟ ಹಕ್ಕಿಯೆಂದು ಅರ್ಥ. ಕೋಳಿಯ ಮಾಂಸವನ್ನು ಹೆಬ್ಬೆರಳ ತುದಿಯಷ್ಟು ತುಂಡುಗಳಾಗಿ ಕೊಯ್ದು, ಗೇಣುದ್ದದ ಬಿದಿರ ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುವುದು. ತೊಡೆ, ಚರ್ಮ, ಯಕೃತ್ತು, ಹೃದಯ, ಬಾಲದ ತುದಿ, ಹೀಗೆ ಒಂದೊಂದು ಅಂಗಕ್ಕೂ ಒಂದೊಂದು ಹೆಸರು, ಒಂದೊಂದಕ್ಕೂ ಬೇರೆ ಹದ. ಬಿಸುಡುವುದೆಂಬುದೇ ಇಲ್ಲ. ರುಚಿ ಎರಡು ಬಗೆ: ಒಂದು ಬರಿಯ ಉಪ್ಪು, ಇನ್ನೊಂದು ಸೋಯಾ ಅವರೆಯ ಹುಳಿರಸ, ಅಕ್ಕಿಯ ಮದ್ಯ, ಸಕ್ಕರೆ ಇವುಗಳನ್ನು ಕಾಯಿಸಿದ ಗಟ್ಟಿ ಪಾಕ. ಈ ಪಾಕದ ಗಡಿಗೆಯನ್ನು ಎಂದಿಗೂ ಬರಿದುಮಾಡದೆ ಹೊಸದನ್ನು ಹಳೆಯದರೊಂದಿಗೆ ಕೂಡಿಸುತ್ತ ಹೋಗುವ ಅಂಗಡಿಗಳುಂಟು. ನಮ್ಮ ಮನೆಗಳಲ್ಲಿ ಹೆಪ್ಪು ತಲೆಮಾರಿನಿಂದ ತಲೆಮಾರಿಗೆ ಹರಿದುಬರುವಂತೆ.

ಕೆಂಡದ ವಿಷಯವನ್ನು ಬಿಡಲಾರೆನು. ಒಳ್ಳೆಯ ಅಂಗಡಿಗಳಲ್ಲಿ ಉರಿಸುವುದು ಸಾಮಾನ್ಯ ಇದ್ದಿಲಲ್ಲ, ‘ಬಿಂಚೋತನ್’ ಎಂಬುದು. ಕೀಶೂ ಪ್ರಾಂತವೆಂದು ಹಿಂದೆ ಹೆಸರಾದ ವಾಕಯಾಮಾ ಸೀಮೆಯಲ್ಲಿ ಒಂದು ಜಾತಿಯ ಓಕ್ ಮರದಿಂದ ಅದನ್ನು ಮಾಡುವರು. ಎರಡು ತುಂಡುಗಳನ್ನು ಒಂದಕ್ಕೊಂದು ತಾಗಿಸಿದರೆ ಲೋಹದಂತೆ ಕಣಕಣವೆನ್ನುವುದು. ಹೊಗೆ ಕಡಿಮೆ, ಕಾವು ಹೆಚ್ಚು, ಬಹಳ ಹೊತ್ತು ಆರದು. ಬಾಣಸಿಗನು ಒಂದು ಕೈಯಲ್ಲಿ ಬೀಸಣಿಗೆಯನ್ನು ಆಡಿಸುತ್ತ, ಇನ್ನೊಂದರಲ್ಲಿ ಇಪ್ಪತ್ತು ಕಡ್ಡಿಗಳನ್ನು ಬಿಡದೆ ತಿರುವುತ್ತಿದ್ದನು. ಯಾವ ಕಡ್ಡಿ ಯಾರದು, ಯಾವುದಕ್ಕೆ ಇನ್ನೆಷ್ಟು ಕಾವು ಬೇಕು, ಎಲ್ಲವೂ ಅವನ ತಲೆಯಲ್ಲಿ. ಬಾಯಲ್ಲಿ ಮಾತಿಲ್ಲ. ಅಷ್ಟೊಂದು ಏಕಾಗ್ರತೆಯನ್ನು ನಾನು ವೇದಾಧ್ಯಯನದ ಪಾಠಶಾಲೆಗಳಲ್ಲಿ ಮಾತ್ರ ಕಂಡಿದ್ದೆನು.

ನನಗೆ ಮಾಂಸವು ವರ್ಜ್ಯವೆಂಬುದನ್ನು ಶಿಷ್ಯನು ಅವರ ಭಾಷೆಯಲ್ಲಿ ಅವನಿಗೆ ತಿಳಿಸಿದನು. ಅಷ್ಟು ಜನಸಂದಣಿಯ ನಡುವೆ, ಪರದೇಶದ ಮುದುಕನೊಬ್ಬನ ನೇಮವನ್ನು ಕೇಳಿ ಬಾಣಸಿಗನು ಹುಬ್ಬು ಗಂಟಿಕ್ಕುವನೆಂದು ನಾನು ಎಣಿಸಿದ್ದೆನು. ಅವನು ತಲೆಬಾಗಿದನು. ಒಲೆಯ ಒಂದು ಕೊನೆಯಲ್ಲಿ ಹೊಸ ತಗಡಿನ ಹಾಳೆಯನ್ನು ಹಾಸಿದನು. ಬೇರೆ ಇಕ್ಕುಳವನ್ನು ತೆಗೆದನು. ಪಾಕದಲ್ಲಿ ಮಾಂಸವನ್ನು ಅದ್ದುವುದರಿಂದ ನನಗೆ ಉಪ್ಪನ್ನು ಮಾತ್ರ ಹಾಕುವೆನೆಂದು ತಾನಾಗಿಯೇ ಹೇಳಿ ಕಳುಹಿಸಿದನು. ಹಸಿರು ಮೆಣಸಿನಕಾಯಿ, ಅಣಬೆ, ಈರುಳ್ಳಿಯ ಜಾತಿಯ ದಪ್ಪ ದಂಟು, ಗಿಂಕೋ ಮರದ ಹಳದಿಯ ಬೀಜ, ಇವು ಒಂದೊಂದಾಗಿ ನನ್ನ ತಟ್ಟೆಗೆ ಬಂದುವು. ಮಡಿವಂತರು ಬೆಂಕಿ ಒಂದೇ ಅಲ್ಲವೇ ಎಂದಾರು. ಹೌದು, ಒಂದೇ. ಅಗ್ನಿಗೆ ಪಾವಕನೆಂಬ ಹೆಸರನ್ನು ಕೊಟ್ಟವರು ನಮ್ಮ ಹಿರಿಯರೇ.

ವಾಚಕರು ಒಂದು ಮಾತನ್ನು ಗಮನಿಸಬೇಕು. ಈ ಜಪಾನೀಯರೂ ಬಹುಕಾಲ ಮಾಂಸವನ್ನು ದೂರವಿಟ್ಟ ಜನರೇ. ಕ್ರಿ. ಶ. 675ರಲ್ಲಿ ತೆಂಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿ ಎಂಬ ಐದು ಪ್ರಾಣಿಗಳ ಮಾಂಸವನ್ನು ವರ್ಷದ ಬೇಸಾಯದ ತಿಂಗಳುಗಳಲ್ಲಿ ನಿಷೇಧಿಸಿದನು. ಬೌದ್ಧಧರ್ಮದ ಪ್ರಭಾವದಿಂದ ಆ ಸಂಕೋಚವು ಶತಮಾನಗಳ ಕಾಲ ಬೆಳೆಯಿತು. ಅದರೊಡನೆ ಪ್ರಾಣಿಗಳನ್ನು ಕೊಲ್ಲುವ, ತೊಗಲನ್ನು ಹದಮಾಡುವ ಜನರನ್ನು ಊರ ಹೊರಗಿಡುವ ರೂಢಿಯೂ ಬೆಳೆಯಿತು. 1871ರಲ್ಲಿ ಶಾಸನದಿಂದ ಆ ಭೇದವನ್ನು ತೆಗೆದುಹಾಕಿದರು. 1872ರಲ್ಲಿ ಮೇಯಿಜಿ ಚಕ್ರವರ್ತಿಯು ಮಾಂಸವನ್ನು ತಿಂದ ಸುದ್ದಿಯು ಪ್ರಕಟವಾಯಿತು. ಶಾಸನಕ್ಕೆ ಒಂದು ದಿನ ಸಾಕು, ಮನಸ್ಸಿಗೆ ಸಾಲದು. ಆ ಜನರ ಮೇಲಿನ ತಾತ್ಸಾರವು ಅನಂತರವೂ ಬಹುಕಾಲ ಉಳಿಯಿತು. 1945ರ ಸೋಲಿನ ಬಳಿಕ ಹಸಿದ ಟೋಕಿಯೋದಲ್ಲಿ ಬೀದಿಬದಿಯ ಒಲೆಗಳು ಹೆಚ್ಚಿದುವು. 1960ರ ದಶಕದಲ್ಲಿ ಸಾಕಿದ ಕೋಳಿ ಅಗ್ಗವಾಗಲು ಈ ಅಂಗಡಿಗಳು ಎಲ್ಲೆಲ್ಲಿಯೂ ಹಬ್ಬಿದುವು.

ನಮ್ಮ ನಾಡಿನ ಸಂಗತಿಯೇನು? ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗದ ಪ್ರಕರಣದಲ್ಲಿ, ಮಾಂಸವನ್ನು ಶೂಲಕ್ಕೆ ಚುಚ್ಚಿ ಕೆಂಡದಲ್ಲಿ ಸುಡುವ ಕ್ರಮವು ಬರುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸರ ಡೊಮಿಂಗೊ ಪಾಯೆಸನು ಪೇಟೆಗಳಲ್ಲಿ ಕೋಳಿ, ಕವುಜುಗ, ಲಾವುಗೆ, ಮೊಲಗಳು ಹೇರಳವಾಗಿ ಮಾರಾಟವಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹಂಪಿಯಲ್ಲಿ ಭೋಜನಶಾಲೆಯೆಂದು ತೋರಿಸುವ ಸ್ಥಳವನ್ನು ನಮ್ಮ ಕಡೆಯವರು ನೋಡಿಯೇ ಇರುವರು: ನಡುವೆ ನೀರಿನ ಕಾಲುವೆ, ಎರಡು ದಡಗಳಲ್ಲಿಯೂ ಕಲ್ಲಿನಲ್ಲಿ ಕೊರೆದ ತಟ್ಟೆಗಳ ಸಾಲು, ಪಲ್ಯಕ್ಕೊಂದು ಗುಳಿ, ಸಾರಿಗೊಂದು ಗುಳಿ. ನೂರಾರು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿದ್ದೇನೆ. ಆ ತಟ್ಟೆಗಳಲ್ಲಿ ಯಾರು ಏನನ್ನು ಉಂಡರೋ ಕಲ್ಲು ಹೇಳುವುದಿಲ್ಲ. ಎಲ್ಲ ತಟ್ಟೆಗಳೂ ಒಂದೇ ಸಾಲಿನಲ್ಲಿರುವುದು ಮಾತ್ರ ಕಾಣುತ್ತದೆ. ಅಷ್ಟನ್ನು ಕಾಣಲು ನಾನು ಟೋಕಿಯೋದ ಹಲಗೆಯ ಮುಂದೆ ಕೂರಬೇಕಾಯಿತು.

ನನ್ನ ಎಡಕ್ಕೆ ಕಚೇರಿಯ ಅಧಿಕಾರಿಯಂತಿದ್ದವನೊಬ್ಬನು, ಬಲಕ್ಕೆ ಶಿಷ್ಯನು, ಅವನಾಚೆಗೆ ಸುಣ್ಣದ ಕಲೆಗಳಿದ್ದ ಬಟ್ಟೆಯ ಕೂಲಿಯವನು. ಶಿಷ್ಯನು ಯಕೃತ್ತಿನ ಕಡ್ಡಿಯನ್ನು ಕೈಯಲ್ಲಿ ಹಿಡಿದು, ತಿನ್ನದೆ ನನ್ನ ಮುಖವನ್ನು ನೋಡಿದನು. “ಸಾರ್, ವಾಸನೆಗೆ ನಿಮಗೆ ತ್ರಾಸಾದರೆ ಹೊರಗೆ ಹೋಗೋಣ” ಎಂದನು. ಆಗ ನನಗೆ ತಡೆಯಲಾಗಲಿಲ್ಲ. “ಅಪ್ಪಾ, ನಾನು ಒಮ್ಮೆ ನಿನ್ನನ್ನು ತರಗತಿಯಿಂದ ಹೊರಗೆ ಕಳುಹಿಸಿದೆನು. ಬುತ್ತಿಯ ವಿಷಯ. ಅದು ತಪ್ಪು” ಎಂದೆನು. ಅವನು ತಲೆಯಾಡಿಸಿ, “ಅಯ್ಯೋ, ಅದೆಲ್ಲ ನನಗೆ ನೆನಪೇ ಇಲ್ರಿ ಸಾರ್” ಎಂದನು. ಕಡ್ಡಿಯನ್ನು ತಿಂದನು. ರೈಲೊಂದು ಮೇಲೆ ಹಾದುಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಕೆಂಡವನ್ನೇ ನೋಡುತ್ತ, “ಆ ಬೇವಿನ ಮರದ ಕೆಳಗ ನೆರಳು ಚಲೋ ಇತ್ತು” ಎಂದನು. ನಾನು ಬೇವಿನ ಮರದ ಮಾತನ್ನೇ ಎತ್ತಿರಲಿಲ್ಲ.

ಬಾಗಿಲಲ್ಲಿ ಇನ್ನೂ ಜನರು ನಿಂತಿದ್ದರು. ಇಂತಹ ಅಂಗಡಿಗಳಲ್ಲಿ ತಿಂದು ಮುಗಿದ ಮೇಲೆ ಹರಟುತ್ತ ಕೂರುವುದು ಮರ್ಯಾದೆಯಲ್ಲವಂತೆ, ನಿಂತವನಿಗೂ ಹಸಿವುಂಟಷ್ಟೆ. ಖಾಲಿಯಾದ ಕಡ್ಡಿಗಳನ್ನು ಎಣಿಸಿ ಹಣವನ್ನು ಕೊಟ್ಟೆವು. ಆ ದೇಶದಲ್ಲಿ ಭಕ್ಷೀಸು ಕೊಡುವ ವಾಡಿಕೆಯಿಲ್ಲ. ಹೊರಡುವಾಗ ಎಲ್ಲರೂ ‘ಗೊಚಿಸೋಸಮಾ’ ಎಂಬ ಮಾತನ್ನಾಡುವರು. ಅದನ್ನು ಬರೆಯುವ ಅಕ್ಷರಗಳಿಗೆ ‘ಓಡಾಟ’ವೆಂದು ಅರ್ಥವಂತೆ. ಅತಿಥಿಗಾಗಿ ಓಡಾಡಿ ಅನ್ನವನ್ನು ಒದಗಿಸಿದವನಿಗೆ ಸಲ್ಲಿಸುವ ವಂದನೆ ಅದು. ನಮ್ಮ ‘ಅನ್ನದಾತಾ ಸುಖೀಭವ’ದ ಒಡಹುಟ್ಟು. ನಾನೂ ತೊದಲುತ್ತ ಹೇಳಿದೆನು. ಬಾಣಸಿಗನು ಬೀಸಣಿಗೆಯನ್ನು ನಿಲ್ಲಿಸಿ ತಲೆಬಾಗಿದನು.

ಊರಿಗೆ ಮರಳಿದ ಹದಿನೈದು ದಿನಗಳಲ್ಲಿ ಹೊಸಪೇಟೆಯಿಂದ ಬಸ್ಸನ್ನು ಹತ್ತಿ ಕಂಪ್ಲಿಗೆ ಹೋದೆನು. ಸಂಜೆಯಾಗಿದ್ದಿತು. ಶಿಷ್ಯನ ತಂದೆಯ ಒಲೆ ಇನ್ನೂ ಉರಿಯುತ್ತಿದೆ. ಈಗ ತಮ್ಮನ ಮಗನು ಸರಳುಗಳನ್ನು ತಿರುವುತ್ತಾನೆ, ಮುದುಕನು ಪಕ್ಕದಲ್ಲಿ ಕೂತು ಬೀಸುತ್ತಾನೆ. ಅಲ್ಲಿಯೂ ಸುತ್ತ ಜನರು ಮುತ್ತಿದ್ದರು. ಹೆಸರನ್ನು ಹೇಳಲು ಅವನು ಎದ್ದುನಿಂತು, “ನಮ್ಮ ಹುಡುಗನ ಮೇಷ್ಟ್ರು!” ಎಂದು ಒಂದೇ ಒಂದು ಬೆಂಚನ್ನು ಒರಸಿ ತೆರವುಮಾಡಿಸಿದನು. ಮಗನ ಕುಶಲವನ್ನೆಲ್ಲ ಕೇಳಿದ ಮೇಲೆ, “ಸಾರ್, ಒಂದು ಸಂಗತಿ ನನಗ ಇವತ್ತಿಗೂ ತಿಳಿದಿಲ್ಲ. ಒಂಬತ್ತನೇತ್ತ ಓದುವಾಗ ಒಂದು ದಿನದಿಂದ ಆ ಹುಡುಗ ಬುತ್ತಿಗೆ ಮಾಂಸ ಒಯ್ಯೋದನ್ನೇ ಬಿಟ್ಟ. ಬರೇ ರೊಟ್ಟಿ, ಚಟ್ನಿ. ಯಾಕಂತ ಕೇಳಿದರೆ ಹೇಳಲಿಲ್ಲ. ನಾನು ಮಾಡಿದ್ದು ರುಚಿ ಕೆಟ್ಟಿತೇನೋ ಅಂದುಕೊಂಡಿದ್ದೆ” ಎಂದನು.

ನಾನು ಇದ್ದುದನ್ನು ಇದ್ದಂತೆ ಹೇಳಿದೆನು. ಮುದುಕನು ಬಹಳ ಹೊತ್ತು ಕೆಂಡವನ್ನು ಬೀಸಿದನು. ಕೊನೆಗೆ, “ಹಂಗಾದರೆ ರುಚಿ ಕೆಟ್ಟಿರಲಿಲ್ಲ” ಎಂದನು. ಆಮೇಲೆ ಹುಡುಗನನ್ನು ಕರೆದು, ಒಲೆಯ ಒಂದು ಬದಿಯ ಸರಳುಗಳನ್ನು ಸರಿಸಿ, ನಿಗಿನಿಗಿ ಕೆಂಡದ ಮೇಲೆ ಎರಡು ಮೆಕ್ಕೆಜೋಳದ ತೆನೆಗಳನ್ನು ಇಡಿಸಿದನು.

ಒಂದನ್ನು ನಾನು ತಿಂದೆನು. ಇನ್ನೊಂದನ್ನು ಅವನು ನನ್ನ ಪಕ್ಕದಲ್ಲಿ ಕೂತು ತಿಂದನು. ಪಾಣಿನಿಯು ಶೂಲಕ್ಕೂ ಮಡಕೆಗೂ ಒಂದೇ ಸೂತ್ರದಲ್ಲಿ ಒಂದೇ ಪ್ರತ್ಯಯವನ್ನು ವಿಧಿಸಿದ್ದಾನೆ. ಆ ಸೂತ್ರವನ್ನು ಬಹುಮಂದಿಗೆ ಕಲಿಸಿದವನು ನಾನು. ಕಲಿತದ್ದು ಆ ಸಂಜೆ.